ತಗ್ಗಿನಲ್ಲಿ ಮಾಡಿದ ತಾಲೀಮು

ನಮ್ಮ ಬಸ್ತಿಯಲ್ಲಿ ಸೈರನ್ ಕೂಗಿದರೆ ಜನ ಮೊದಲು ಕೈ ಹಾಕುತ್ತಿದ್ದದ್ದು ಚೀಲಕ್ಕೆ. ಮಕ್ಕಳು ಆಮೇಲೆ, ಕಾಗದಪತ್ರದ ಡಬ್ಬಿ ಆಮೇಲೆ. ಹಾಗೆ ಕಲಿಸಿದವಳು ನಾನೇ. ಕಲಿಸುವಾಗ ನನಗೇನೂ ಗೊತ್ತಿರಲಿಲ್ಲ ಅಂತ ಬರೆದರೆ ಅರ್ಧ ಸುಳ್ಳಾಗುತ್ತದೆ. ಅದಕ್ಕೇ ಇದನ್ನು ಮೊದಲಿನಿಂದ, ಇದ್ದದ್ದು ಇದ್ದ ಹಾಗೆ ಬರೆಯಲಿಕ್ಕೆ ಕೂತಿದ್ದೇನೆ.

ಬಸ್ತಿ ಅಂದರೆ, ಹೈದರಾಬಾದಿನ ಮಿಯಾಪುರದಲ್ಲಿ ಮೆಟ್ರೊ ಇಳಿದು, ಷೇರ್ ಆಟೊ ಹಿಡಿದು, ದೊಡ್ಡ ಅಪಾರ್ಟ್‌ಮೆಂಟುಗಳ ಹಿಂದಿನ ಗೋಡೆಗುಂಟ ನಡೆದರೆ ಸಿಗುವ ತಗಡಿನ ಮನೆಗಳು. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಬಂದ ಗೌಂಡಿಗಳು, ಕಲ್ಲು ಮಣ್ಣು ಹೊರುವವರು. ಆ ಅಪಾರ್ಟ್‌ಮೆಂಟು ಕಟ್ಟಿದವರು ಇವರೇ. ಕಟ್ಟಿ ಮುಗಿದ ಮೇಲೆ ವಾಚ್‌ಮನ್ ಇವರನ್ನು ಒಳಗೆ ಬಿಡುವುದಿಲ್ಲ. ಬಸ್ತಿಯ ಬೆನ್ನಿಗೆ ಹಳೆಯ ಕೆರೆಯ ಒಡ್ಡು. ಕೆಳಗೆ ಮಳೆನೀರು ಹರಿಯುವ ನಾಲಾ, ನಾಲಾದ ದಂಡೆಗೆ ಒಂದು ಬಯಲು. ಅದಕ್ಕೆ ಮೈದಾನ ಅನ್ನುತ್ತಿದ್ದೆವು. ಮೇಲೆ, ಬಂಡೆಗಲ್ಲುಗಳ ನಡುವಿನ ಸಂದಿ ಹತ್ತಿ ಹೋದರೆ ದಿನ್ನೆಯ ಮೇಲೆ ಸರಕಾರಿ ಶಾಲೆ. ಇಷ್ಟು ನೆನಪಿಟ್ಟುಕೊಂಡರೆ ಸಾಕು: ಮೈದಾನ ಕೆಳಗೆ, ಶಾಲೆ ಮೇಲೆ.

ನನ್ನ ಅಪ್ಪ ಅವ್ವ ಅಲ್ಲೇ ದುಡಿದರು. ಅಪ್ಪ ಸ್ಲ್ಯಾಬಿನ ಮೇಲಿಂದ ಬಿದ್ದು ಸೊಂಟ ಕಳೆದುಕೊಂಡ ಮೇಲೆ ಇಬ್ಬರೂ ಊರಿಗೆ ಹೋದರು. ಅವ್ವನ ಅಕ್ಕ, ನನ್ನ ದೊಡ್ಡವ್ವ, ಉಳಿದಳು. ಗಂಡ ಇಲ್ಲ, ಮಕ್ಕಳಿಲ್ಲ. ನನ್ನನ್ನು ಕಲಬುರಗಿಯ ಹಾಸ್ಟೆಲಿನಲ್ಲಿಟ್ಟು ಡಿಗ್ರಿ ಮಾಡಿಸಿದ್ದು ಅವಳ ತಲೆಯ ಮೇಲಿನ ಸಿಂಬಿ. ನಮ್ಮ ಎರಡೂ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ನನಗಿಂತ ಮೊದಲು ಯಾರೂ ಇಲ್ಲ. ಈ ಮಾತನ್ನು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಪರೀಕ್ಷೆಯ ಹಿಂದಿನ ವಾರಗಳಲ್ಲಿ ಊಟ ಬಿಟ್ಟು ಓದಿದ್ದೇನೆ, ಇನ್ನೊಬ್ಬರ ಪುಸ್ತಕ ಬೆಳಗಾಗುವುದರೊಳಗೆ ನಕಲು ಮಾಡಿಕೊಂಡಿದ್ದೇನೆ. ಸರ್ಟಿಫಿಕೇಟು ಬಂದ ದಿನ ದೊಡ್ಡವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇಷ್ಟು ಹಗೂರ ಐತಲ್ಲೇ ಇದು, ನಾ ಹೊತ್ತದ್ದು ಭಾಳ ವಜ್ಜಿ ಇತ್ತು ಅಂದಿದ್ದಳು.

ಹೈದರಾಬಾದಿನಲ್ಲಿ ಒಂದು ಸಣ್ಣ ಸೇವಾ ಸಂಸ್ಥೆ ನನ್ನನ್ನು ಕೆಲಸಕ್ಕೆ ತೆಗೆದುಕೊಂಡಿತು. ಕನ್ನಡ, ತೆಲುಗು, ಹಿಂದಿ ಮೂರೂ ಬರುತ್ತದೆ, ಬಸ್ತಿಯಲ್ಲಿ ಬೆಳೆದವಳು, ಪದವಿ ಇದೆ. ಅವರಿಗೆ ಬೇಕಾದದ್ದು ಅದೇ. ಸಂಸ್ಥೆ ನಡೆಸುತ್ತಿದ್ದವರನ್ನು ನಾವೆಲ್ಲ ಸರ್ ಅನ್ನುತ್ತಿದ್ದೆವು. ವರ್ಷಗಟ್ಟಲೆ ನೆರೆ ಬಂದ ಕಡೆ, ಬೆಂಕಿ ಬಿದ್ದ ಕಡೆ ಹೋಗಿ ದುಡಿದ ಮನುಷ್ಯ. ಕೆಟ್ಟವರಲ್ಲ. ಅವರ ಒಂದೇ ಗೋಳು: ಜನ ಸತ್ತ ಮೇಲೆ ದಾನಿಗಳು ಕರೆದು ಕರೆದು ಕೊಡುತ್ತಾರೆ, ಸಾಯುವ ಮೊದಲು ಕೇಳಿದರೆ ಫೋನ್ ಎತ್ತುವುದಿಲ್ಲ.

ಆ ವರ್ಷ ಗಚ್ಚಿಬೌಲಿಯ ಒಂದು ಕಂಪನಿ ಫೋನ್ ಎತ್ತಿತು. ನೆರೆ ಬರುವ ಮೊದಲಿನ ತಯಾರಿಗೆ ಕೊಡುತ್ತೇವೆ ಅಂದಿತು. ಸರ್ ಅವತ್ತು ಆಫೀಸಿಗೆಲ್ಲ ಉಸ್ಮಾನಿಯಾ ಬಿಸ್ಕೀಟು ತರಿಸಿದರು. ನಮ್ಮ ಬಸ್ತಿಯೇ ಮೊದಲ ಜಾಗ ಅಂತ ಗೊತ್ತಾಯಿತು, ಯೋಜನೆ ಬರೆಯುವ ಕೆಲಸ ನನಗೆ ಬಂತು.

ಒಂದು ತಿಂಗಳು ಮನೆಮನೆ ತಿರುಗಿದೆ. ಯಾರ ಮನೆಯಲ್ಲಿ ಬಾಣಂತಿ, ಯಾರಿಗೆ ಕಣ್ಣು ಕಾಣುವುದಿಲ್ಲ, ಯಾರಿಗೆ ಮೆಟ್ಟಿಲು ಹತ್ತಲಿಕ್ಕಾಗುವುದಿಲ್ಲ, ಎಲ್ಲ ಬರೆದೆ. ದೊಡ್ಡವ್ವನ ಹೆಸರಿನ ಮುಂದೆ ಮೊಣಕಾಲು ನೋವು ಅಂತ ಬರೆದೆ. ದೊಡ್ಡ ಹಾಳೆಯ ಮೇಲೆ ನಕ್ಷೆ ತೆಗೆದೆ. ಪ್ರತಿ ಓಣಿಯಿಂದ ಕೆಂಪು ಬಾಣ, ಎಲ್ಲ ಬಾಣಗಳೂ ಮೇಲಕ್ಕೆ, ಶಾಲೆಯ ಕಡೆಗೆ. ಸೈರನ್ ಕೂಗಿದರೆ ಶಾಲೆಗೆ ಹೋಗಬೇಕು, ಯೋಜನೆಯ ಸಾರ ಅಷ್ಟೇ. ಬಣ್ಣದ ರಟ್ಟು ಹಾಕಿ ಅದನ್ನು ಅಚ್ಚು ಮಾಡಿಸಿದರು. ನಾನು ಬರೆದದ್ದು ಅಚ್ಚಾಗಿದ್ದು ಅದೇ ಮೊದಲು. ಒಂದು ಪ್ರತಿ ಊರಿಗೆ ಕಳಿಸಿದೆ. ಅಪ್ಪನಿಗೆ ಓದಲಿಕ್ಕೆ ಬರುವುದಿಲ್ಲ, ಆದರೂ ತಲೆದೆಸೆಗೆ ಇಟ್ಟುಕೊಂಡಿದ್ದಾನೆ ಅಂತ ಅವ್ವ ಹೇಳಿದಳು.

ಸೈರನ್ ಅಂದರೆ ಕೈಯಿಂದ ಹಿಡಿಕೆ ತಿರುವುವ ಕಬ್ಬಿಣದ್ದು, ಕರೆಂಟು ಬೇಡ. ಅದರ ಕೂಗಿಗೆ ಕಲಬುರಗಿಯ ಗಿರಣಿ ನೆನಪಾಗಿ ದೊಡ್ಡವ್ವ ಅದಕ್ಕೆ ಭೋಂಗಾ ಅಂತ ಹೆಸರಿಟ್ಟಳು, ಬಸ್ತಿಯೆಲ್ಲ ಹಾಗೇ ಕರೆಯಿತು. ಅದರ ಜವಾಬ್ದಾರಿ ಮೇಸ್ತ್ರಿಗೆ. ಕೂಲಿಯವರನ್ನು ಸೈಟಿಗೆ ಕರೆದೊಯ್ಯುವ ಮೇಸ್ತ್ರಿ, ಅವನ ಮಾತು ಎಲ್ಲರೂ ಕೇಳುತ್ತಿದ್ದರು.

ಮೊದಲ ತಾಲೀಮು ಬಾಣದ ಪ್ರಕಾರವೇ ಮಾಡಿದೆವು. ಮೇಸ್ತ್ರಿ ಭೋಂಗಾ ತಿರುವಿದ, ನಾನು ಶಾಲೆಯ ಗೇಟಿನಲ್ಲಿ ಗಡಿಯಾರ ಹಿಡಿದು ನಿಂತೆ. ಬಂದವರು ಕೈಬೆರಳಲ್ಲಿ ಎಣಿಸುವಷ್ಟು. ಅವರೂ ಏದುಸಿರು ಬಿಡುತ್ತ ಬಂದು, ಏನು ಕೊಡುತ್ತೀರಿ ಅಂತ ಕೇಳಿದರು. ಏನೂ ಇಲ್ಲ, ಬರೀ ಅಭ್ಯಾಸ ಅಂದೆ. ಒಬ್ಬಾಕೆ ಸೊಂಟದ ಮೇಲಿನ ಕೂಸನ್ನು ಇನ್ನೊಂದು ಕಡೆ ಹಾಕಿಕೊಂಡು, ದಿನಾ ಮೂರು ಮಹಡಿ ಹತ್ತಿ ಇಳೀತೀವ್ರಿ ಅಕ್ಕೋರ, ಹತ್ತೋದು ನಮಗ ಕಲಿಸಬ್ಯಾಡ್ರಿ ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಷ್ಟರಲ್ಲಿ ಕಂಪನಿಯಿಂದ ಸುದ್ದಿ ಬಂತು. ಕೊಟ್ಟದ್ದು ಹೇಗೆ ಕೆಲಸ ಮಾಡುತ್ತಿದೆ ಅಂತ ನೋಡಲಿಕ್ಕೆ ಬರುತ್ತಾರೆ. ನೆರೆ ಬಂದ ಮೇಲಾದರೆ ಫೋಟೊ ತಾನಾಗಿ ಸಿಗುತ್ತದೆ: ಕುತ್ತಿಗೆಯ ಮಟ್ಟದ ನೀರು, ತಲೆಯ ಮೇಲೆ ಗಂಟು. ಬರುವ ಮೊದಲು ಏನನ್ನು ತೋರಿಸುವುದು? ಸರ್ ಒಂದು ದಿನ ಯೋಚಿಸಿ ದಾರಿ ಹುಡುಕಿದರು. ತಾಲೀಮನ್ನು ಮೈದಾನದಲ್ಲಿ ಮಾಡೋಣ. ಕಾರು ಅಲ್ಲಿಯವರೆಗೆ ಬರುತ್ತದೆ, ಬಂಡೆಯ ಸಂದಿಯಲ್ಲಿ ಬರುವುದಿಲ್ಲ. ಶಾಮಿಯಾನ ಹಾಕಬಹುದು, ಬ್ಯಾನರು ಕಟ್ಟಬಹುದು. ಬಂದವರಿಗೆ ಒಂದೊಂದು ಕಿಟ್ಟು ಕೊಟ್ಟರೆ ಜನವೂ ಬರುತ್ತಾರೆ. ಕಿಟ್ಟು ಅಂದರೆ ಅಕ್ಕಿ, ಬೇಳೆ, ಸಾಬೂನು, ಮಾಡಿಗೆ ಹೊದಿಸುವ ಒಂದು ತಾಡಪತ್ರಿ. ಮಳೆಗಾಲಕ್ಕೆ ಮೊದಲು ಅವನ್ನು ಹೇಗೂ ಹಂಚಬೇಕಿತ್ತು.

ಸರ್, ನಕ್ಷೆಯಲ್ಲಿ ಮೇಲೆ ಹೋಗಬೇಕು ಅಂತಿದೆ ಅಂದೆ. ಇದು ಒಂದು ಸಲ, ತೋರಿಸಲಿಕ್ಕೆ ಅಷ್ಟೇ ಅಂದರು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ನಾನು ಶಾಮಿಯಾನದವನ ನಂಬರು ಹುಡುಕಿದೆ. ಅದೂ ಅಲ್ಲದೆ, ಬಂದವರು ನನ್ನ ಯೋಜನೆಯನ್ನು ನೋಡುತ್ತಾರೆ ಅನ್ನುವ ಆಸೆಯೂ ಒಳಗೆ ಇತ್ತು. ಸೈರನ್ನಿನ ಕಂಬವನ್ನು ಕೂಡ ಮೈದಾನದ ಅಂಚಿಗೇ ನೆಟ್ಟೆವು, ಫೋಟೊದಲ್ಲಿ ಬರಲಿ ಅಂತ.

ಆ ದಿನ ಭೋಂಗಾ ಕೂಗಿದಾಗ ಬಸ್ತಿಗೆ ಬಸ್ತಿಯೇ ಇಳಿದು ಬಂತು. ಹಿಂದಿನ ದಿನವೇ ನೀಲಿ ಟೋಕನ್ ಹಂಚಿದ್ದೆವು. ಕೈಯಲ್ಲಿ ಟೋಕನ್, ಕಂಕುಳಲ್ಲಿ ಗೊಬ್ಬರದ ಖಾಲಿ ಚೀಲ. ಶಾಮಿಯಾನದ ಹಿಂದೆ ನನ್ನ ನಕ್ಷೆ ತೂಗುಹಾಕಿತ್ತು, ಬಾಣಗಳೆಲ್ಲ ಮೇಲಕ್ಕೆ. ಅದರ ಕೆಳಗೆ ಜನ ಸಾಲು ಹಚ್ಚಿ ನಿಂತಿದ್ದರು. ಕಂಪನಿಯಿಂದ ಬಂದ ಮೇಡಂ, ಮೆತ್ತನೆಯ ಮಾತಿನ ಸಣ್ಣ ವಯಸ್ಸಿನ ಹೆಂಗಸು, ಎಷ್ಟು ಬೇಗ ಬಂದರಲ್ಲ ಅಂತ ನಿಜವಾಗಿ ಖುಷಿಪಟ್ಟರು. ಆಕೆಗೆ ಮೋಸ ಮಾಡಬೇಕು ಅಂತ ಯಾರ ಮನಸ್ಸಿನಲ್ಲೂ ಇರಲಿಲ್ಲ. ವರದಿ ನಾನೇ ಬರೆದೆ. ಎಚ್ಚರಿಕೆ ಸಿಕ್ಕ ಕೂಡಲೇ ಸಮುದಾಯ ನಿಗದಿತ ಸ್ಥಳದಲ್ಲಿ ಸೇರಿತು ಅಂತ ಬರೆದೆ. ಯಾವ ಸ್ಥಳ ಅಂತ ಬರೆಯಲಿಲ್ಲ.

ಕೊನೆಗೆ ಬಂದವರಲ್ಲಿ ಒಬ್ಬ ಅಜ್ಜ ಇದ್ದ. ಒಡ್ಡಿನ ಕೆಳಗೆ ದೊಡ್ಡವ್ವನ ಪಕ್ಕದ ಗುಡಿಸಲಿನವನು. ಮುಂಚೆ ಬಾವಿ ತೋಡುತ್ತಿದ್ದ, ಈಗ ಸೈಟುಗಳ ಮೊಳೆ ನೆಟ್ಟಗೆ ಮಾಡಿ ಮಾರುತ್ತಿದ್ದ. ಅವನ ಸರದಿ ಬರುವಷ್ಟರಲ್ಲಿ ತಾಡಪತ್ರಿ ಮುಗಿದಿತ್ತು. ಅವನ ಗುಡಿಸಲಿನ ಮಾಡು ಎಲ್ಲಕ್ಕಿಂತ ಹರಿದದ್ದು. ಟೋಕನ್ ತೋರಿಸುತ್ತ ನಿಂತೇ ಇದ್ದ. ನನಗೆ ಪಾಪ ಅನಿಸಿತು. ಭುಜ ಮುಟ್ಟಿ ಹೇಳಿದೆ, "ಮುಂದಿನ ಸಲ ಭೋಂಗಾ ಕೇಳಿದ ಕೂಡ್ಲೆ ಮೊದಲ ಬಂದು ನಿಂದರ್ರಿ ಅಜ್ಜಾ. ನಿಮಗ ಸಿಗತೈತಿ."

ಒಂದು ಸಲ ಅಂದದ್ದು ಒಂದೇ ಸಲಕ್ಕೆ ನಿಲ್ಲಲಿಲ್ಲ. ಕಂಪನಿಯ ದೊಡ್ಡವರು ಬಂದರು, ಮತ್ತೆ ಭೋಂಗಾ, ಮತ್ತೆ ಮೈದಾನ, ಆ ಸಲ ಚಾದರ. ಬೇರೆ ಊರಿನ ಸಂಸ್ಥೆಯವರು ನಮ್ಮದನ್ನು ಮಾದರಿ ಅಂತ ನೋಡಲಿಕ್ಕೆ ಬಂದರು, ಬಕೆಟ್ಟು ಕೊಟ್ಟೆವು. ಅಜ್ಜ ಎರಡು ಸಲವೂ ಎಲ್ಲರಿಗಿಂತ ಮುಂದೆ ನಿಂತಿದ್ದ. ತಾಡಪತ್ರಿ ಮಾತ್ರ ಎರಡು ಸಲವೂ ಬರಲಿಲ್ಲ. ದೊಡ್ಡವ್ವ ಸಂಜೆ ರೊಟ್ಟಿ ಬಡಿಯುತ್ತ ನನ್ನನ್ನು ಚುಚ್ಚುತ್ತಿದ್ದಳು. ನಿಮ್ಮ ಭೋಂಗಾ ಮತ್ಯಾವಾಗ ಊದತೈತೆ, ಸಬಕಾರ ಮುಗಿಯಾಕ ಬಂತು ಅನ್ನುತ್ತಿದ್ದಳು. ನಾನು ಶಾಲೆಯ ಮಾತು ತೆಗೆದರೆ, ಸಾಲ್ಯಾಗೇನು ಕೊಡ್ತಾರ, ಮಾಸ್ತರ ಬೈಗಳಾ ಅನ್ನುತ್ತಿದ್ದಳು. ನಗುತ್ತಿದ್ದಳು.

ಅವಳ ಕಣ್ಣು ಒಡ್ಡಿನ ಮೇಲಿತ್ತು. ಕೆರೆಯೊಳಗೆ ಟಿಪ್ಪರುಗಳು ಕಟ್ಟಡದ ರಾಶಿ ಸುರಿದು ಸುರಿದು, ನೀರು ನಿಲ್ಲುವ ಜಾಗ ಸಣ್ಣದಾಗಿತ್ತು. ಸಣ್ಣದಾದಷ್ಟೂ ನೀರು ಒಡ್ಡಿಗೆ ಒತ್ತಿ ನಿಲ್ಲುತ್ತಿತ್ತು. ಒಡ್ಡಿನ ಬುಡದಲ್ಲಿ ದೊಡ್ಡವ್ವನ ಗುಡಿಸಲಿನ ಹಿಂದೆ ಒಂದು ಕಡೆ ಯಾವಾಗಲೂ ಜಿನುಗು ಇರುತ್ತಿತ್ತು, ಅಲ್ಲಿ ಕೆಸವಿನ ಎಲೆ ಬೆಳೆದಿತ್ತು. ಅವಳು ದಿನಾ ಬೆಳಿಗ್ಗೆ ಅಲ್ಲಿಂದ ಒಂದು ಗಾಜಿನ ಲೋಟದಲ್ಲಿ ನೀರು ಹಿಡಿದು, ಬೆಳಕಿಗೆ ಎತ್ತಿ ನೋಡಿ ಚೆಲ್ಲುತ್ತಿದ್ದಳು. ಪೂಜೆಗೇನಾದರೂ ಇರಬಹುದು ಅಂದುಕೊಂಡಿದ್ದೆ. ಕೇಳಿದಾಗ ಹೇಳಿದಳು. ಚಿಕ್ಕವಳಿದ್ದಾಗ ಊರ ಕೆರೆಯ ಒಡ್ಡಿಗೆ ಮಣ್ಣು ಹೊತ್ತವಳು ಅವಳು; ಅಲ್ಲಿನ ಮುದುಕ ಒಡ್ಡರು ಕಲಿಸಿದ್ದು.

"ತಿಳಿನೀರು ಜಿನುಗಿದ್ರ ಅಂಜಬ್ಯಾಡ," ಅಂದಳು. "ರಾಡಿ ಜಿನುಗಿದ್ರ ನಿಂದರಬ್ಯಾಡ. ಒಡ್ಡು ಒಳಗ ಕರಗಾಕತ್ತೈತಿ ಅಂತ ಅದರ ಅರ್ಥ."

ನಾನು ಅದನ್ನು ಡೈರಿಯಲ್ಲಿ ಬರೆದುಕೊಂಡೆ. ನಾಂಪಲ್ಲಿ ಕಡೆಯ ಒಂದು ಸರಕಾರಿ ಕಚೇರಿಗೆ ಹೋಗಿ ಒಡ್ಡು ನೋಡಲಿಕ್ಕೆ ಬರ್ರಿ ಅಂತ ಅರ್ಜಿ ಕೊಟ್ಟೆ. ಠಸ್ಸೆ ಹೊಡೆದು ತಗೊಂಡರು, ನೋಡಲಿಕ್ಕೆ ಯಾರೂ ಬರಲಿಲ್ಲ. ತಿಂಗಳ ವರದಿಯ ನಮೂನೆಯಲ್ಲಿ ಎಷ್ಟು ತರಬೇತಿ, ಎಷ್ಟು ಸಭೆ, ಎಷ್ಟು ಕಿಟ್ಟು ಅಂತ ಕಾಲಂ ಇದ್ದವು. ಲೋಟದ ನೀರಿಗೆ ಕಾಲಂ ಇರಲಿಲ್ಲ. ಸರ್ ಓದಿ ಮೆಚ್ಚಿದರು, ಜನರ ಮಾತು ಅನ್ನುವ ಪುಟದಲ್ಲಿ ಹಾಕು, ದೊಡ್ಡವ್ವನ ಫೋಟೊ ಜೊತೆಗೆ, ಚೆನ್ನಾಗಿರುತ್ತದೆ ಅಂದರು. ಹಾಕಿದೆ. ಫೋಟೊದಲ್ಲಿ ದೊಡ್ಡವ್ವ ಲೋಟ ಎತ್ತಿ ಹಿಡಿದಿದ್ದಾಳೆ. ನೋಡಿದವರು ಕುಡಿಯುವ ನೀರಿನ ಯೋಜನೆ ಅಂದುಕೊಂಡಿರಬೇಕು.

ಮಳೆ ಶುರುವಾಯಿತು. ಮೊದಲ ದಿನಗಳಲ್ಲಿ ಕೂಲಿ ಇಲ್ಲದೆ ಜನ ಇಸ್ಪೀಟು ಆಡಿದರು. ಆಮೇಲೆ ಇಸ್ಪೀಟೂ ನಿಂತಿತು. ನಾನು ಆಫೀಸಿನ ಹತ್ತಿರ ಕೋಣೆ ಮಾಡಿಕೊಂಡಿದ್ದೆ; ನಾಲಾದ ಸದ್ದು ಬದಲಾಯಿತು ಅಂತ ದೊಡ್ಡವ್ವ ಫೋನಿನಲ್ಲಿ ಹೇಳಿದಳು. ಮೊದಲು ಗಲಗಲ ಅನ್ನುತ್ತಿದ್ದದ್ದು ಈಗ ಗುಂಯ್ ಅಂತದ, ದೊಡ್ಡ ಮೋಟಾರು ಹಚ್ಚಿದ ಹಂಗ. ಇಲಿಗಳು ಹಗಲಲ್ಲೇ ಓಣಿ ದಾಟುತ್ತಿದ್ದವಂತೆ. ಲೋಟ ನೋಡಿದಿಯಾ ಅಂತ ಕೇಳಿದೆ. ತಿಳಿ ಐತಿ ಅಂದಳು. ಮರುದಿನವೂ ತಿಳಿ. ಅದರ ಮರುದಿನ ನಾನು ಕೇಳುವ ಮೊದಲೇ, ಸ್ವಲ್ಪ ಚಾದ ಬಣ್ಣ ಆಗೇತಿ ಅಂದಳು.

ಆ ಮಧ್ಯಾಹ್ನ ನಾನು ಇದ್ದದ್ದು ಗಚ್ಚಿಬೌಲಿಯಲ್ಲಿ, ಆ ಕಂಪನಿಯ ಆಫೀಸಿನಲ್ಲಿ. ಮುಂದಿನ ವರ್ಷದ ಯೋಜನೆ ವಿವರಿಸಬೇಕಿತ್ತು. ತಣ್ಣಗಿನ ಕೋಣೆ, ಗಾಜಿನ ಗೋಡೆ, ಹೊರಗೆ ಮಳೆ ಸುರಿಯುತ್ತಿದ್ದರೂ ಸದ್ದಿಲ್ಲ. ಗೋಡೆಯ ಪರದೆಯ ಮೇಲೆ ಮೈದಾನದ ಫೋಟೊ ಇತ್ತು, ಸಾಲು ನಿಂತ ಜನ, ಎಲ್ಲರ ಮುಂದೆ ಅಜ್ಜ. ನನ್ನ ಫೋನು ನಡುಗಿತು. ಹೊರಗೆ ಬಂದು ತೆಗೆದುಕೊಂಡೆ.

ದೊಡ್ಡವ್ವನ ದನಿ ಸಣ್ಣದಾಗಿತ್ತು, ಮಲಗಿದ ಕೂಸನ್ನು ಎಬ್ಬಿಸಬಾರದು ಅನ್ನುವ ಹಾಗೆ. "ಲೋಟದಾಗ ಬೆಳಕು ಕಾಣವಲ್ದು ಮಗಳ," ಅಂದಳು. "ಬರೇ ರಾಡಿ ಬರಾಕತ್ತೈತಿ."

ನಾನು ಯೋಚಿಸಲಿಲ್ಲ. ಯೋಜನೆಯಲ್ಲಿ ಇದ್ದದ್ದನ್ನೇ ಮಾಡಿದೆ. ಮೇಸ್ತ್ರಿಗೆ ಫೋನ್ ಹಚ್ಚಿ ಭೋಂಗಾ ತಿರುವ್ರಿ, ಈಗಿಂದೀಗ, ಕೈ ನಿಲ್ಲಿಸಬ್ಯಾಡ್ರಿ ಅಂದೆ. ಅವನು ಯಾಕೆ ಅಂತಲೂ ಕೇಳಲಿಲ್ಲ. ಫೋನು ಕಟ್ ಮಾಡದೆ ಕಿವಿಗೆ ಹಿಡಿದುಕೊಂಡು ಮೆಟ್ಟಿಲು ಇಳಿದು ರಸ್ತೆಗೆ ಬಂದೆ. ಆಟೊ ನಿಲ್ಲಿಸುವಷ್ಟರಲ್ಲಿ ಫೋನಿನಲ್ಲಿ ಭೋಂಗಾ ಏಳುವ ಸದ್ದು ಕೇಳಿತು, ಮೊದಲು ನರಳಿದ ಹಾಗೆ, ಆಮೇಲೆ ಎತ್ತರಕ್ಕೆ. ಅದರ ಹಿಂದೆ ಒಂದು ಹೆಂಗಸಿನ ದನಿ, ಬಹಳ ಹಗುರವಾಗಿ, ಯಾರನ್ನೋ ಕೂಗಿ ಹೇಳುತ್ತಿತ್ತು: ಏ, ಚೀಲ ತಗೊಂಡ ಬಾರೆ.

ಆಟೊದಲ್ಲಿ ಒಂದು ಕಾಲಿಟ್ಟವಳು ಹಾಗೇ ನಿಂತೆ. ಒಡ್ಡು ಒಡೆದರೆ ನೀರು ಮೊದಲು ನುಗ್ಗುವ ಜಾಗಕ್ಕೆ ನಾನು ಬಸ್ತಿಯನ್ನು ಕರೆದಿದ್ದೆ.

ಫೋನಿನಲ್ಲಿ ಮೇಸ್ತ್ರಿಯನ್ನು ಕೂಗಿದೆ, ಕಟ್ ಮಾಡಿ ಮತ್ತೆ ಮತ್ತೆ ಹಚ್ಚಿದೆ. ಎರಡೂ ಕೈಯಿಂದ ಹಿಡಿಕೆ ತಿರುವುವವನು ಫೋನು ಎಲ್ಲಿ ಎತ್ತುತ್ತಾನೆ? ಕೈ ನಿಲ್ಲಿಸಬೇಡ ಅಂದವಳೂ ನಾನೇ. ಉಳಿದವರೆಲ್ಲ ಭೋಂಗಾದ ಗದ್ದಲದಲ್ಲಿ ಇಳಿಯುತ್ತಿದ್ದರು, ಬಸ್ತಿಯಲ್ಲಿ ಇನ್ನು ಫೋನು ಎತ್ತುವವಳು ಒಬ್ಬಳೇ, ನಾನೇ ನಕ್ಷೆಯಲ್ಲಿ ಮೊಣಕಾಲು ನೋವು ಅಂತ ಗುರುತು ಹಾಕಿದವಳು. ಅವಳ ಗುಡಿಸಲಿನಿಂದ ಶಾಲೆಗೆ ಹತ್ತಲಿಕ್ಕೇ ಅವಳಿಗೆ ಹೊತ್ತು ಹಿಡಿಯುತ್ತಿತ್ತು. ಮೈದಾನಕ್ಕೆ ಇಳಿದು ಮತ್ತೆ ಹತ್ತು ಅಂತ ಹೇಗೆ ಹೇಳುವುದು? ಫೋನು ಕೈಯಲ್ಲಿ ಹಿಡಿದು ಒಂದು ಗಳಿಗೆ ಸುಮ್ಮನೆ ನಿಂತಿದ್ದೆ. ಆ ಗಳಿಗೆಯ ಲೆಕ್ಕ ನಾನು ಯಾರಿಗೂ ಕೊಟ್ಟಿಲ್ಲ.

ಹೇಳಿದೆ. ಎಲ್ಲರೂ ಮೈದಾನಕ್ಕೆ ಹೋಗಾಕತ್ತಾರ, ತಿರುಗಿ ಕಳಿಸು ಅಂದೆ. ಒಡ್ಡು ಹೋಗತೈತಿ ಅಂದ್ರ ಯಾರು ನಂಬತಾರೆ, ತಾಲೀಮು ಅಂದ್ಕೋತಾರ ಅಂದಳು. ಅವಳು ಹೇಳಿದ್ದು ನಿಜ. ಆಗ ನನ್ನ ಬಾಯಿಂದ ಆ ಮಾತು ಬಂತು.

"ಕೊಡೋದು ಇವತ್ತ ಸಾಲ್ಯಾಗ ಐತಿ ಅನ್ನು ದೊಡ್ಡವ್ವ. ತಾಡಪತ್ರಿ ಬಂದಾವ, ಮೊದಲ ಹೋದವ್ರಿಗೆ ಅಂತ ಹೇಳು."

ಅವಳು ಹೂಂ ಅಂದಳು, ಫೋನು ಇಟ್ಟಳು. ಆಮೇಲೆ ಹಚ್ಚಿದರೆ ಬರೀ ಗಂಟೆ ಹೊಡೆಯುತ್ತಿತ್ತು.

ಆಟೊ ಎಲ್ಲಿ ಹೋಗಬೇಕು, ರಸ್ತೆಯೆಲ್ಲ ಕಾರು. ಆಟೊ ಓಡಿಸುವ ಮುದುಕ ಕನ್ನಡಿಯಲ್ಲಿ ನನ್ನನ್ನು ನೋಡುತ್ತ, ರೋನಾ ನಕ್ಕೋ ಬೇಟಾ ಅನ್ನುತ್ತಿದ್ದ. ನಾನು ಅಳುತ್ತಿರಲಿಲ್ಲ, ದೊಡ್ಡವ್ವನ ನಂಬರು ಒತ್ತುತ್ತಲೇ ಇದ್ದೆ. ಅಪಾರ್ಟ್‌ಮೆಂಟುಗಳ ಗೋಡೆ ಬಂದಾಗ ಇಳಿದು ಓಡಿದೆ. ಭೋಂಗಾ ಕೂಗುತ್ತಿರಲಿಲ್ಲ. ಅದು ಯಾವಾಗ ನಿಂತಿತು ಅಂತ ಗೊತ್ತಾಗಲಿಲ್ಲ, ಅದೇ ಎಲ್ಲಕ್ಕಿಂತ ಕೆಟ್ಟದ್ದಾಗಿತ್ತು. ಗೋಡೆ ಮುಗಿದ ಕಡೆ ಮೈದಾನ ಕಾಣಬೇಕಿತ್ತು. ಅಲ್ಲಿ ಕಂದು ನೀರು, ಅದರ ನಡುವೆ ಸೈರನ್ನಿನ ಕಂಬದ ತುದಿ, ಕಂಬಕ್ಕೆ ಸಿಕ್ಕಿಕೊಂಡ ಗೊಬ್ಬರದ ಚೀಲಗಳು. ನಮ್ಮಲ್ಲಿ ಸಾಲಿನಲ್ಲಿ ಜಾಗ ಹಿಡಿಯಲಿಕ್ಕೆ ಚೀಲದ ಮೇಲೆ ಕಲ್ಲು ಇಟ್ಟು ಹೋಗುತ್ತಾರೆ. ಆ ಚೀಲಗಳ ಹಿಂದೆ ಮನುಷ್ಯರು ಇದ್ದರೋ ಇಲ್ಲವೋ ತಿಳಿಯುವ ದಾರಿ ಇರಲಿಲ್ಲ.

ಹಿಂದಿನಿಂದ ಸುತ್ತಿ ಬಂಡೆ ಹತ್ತಿದೆ. ಶಾಲೆಯ ವರಾಂಡದಲ್ಲಿ ಜನ ಇದ್ದರು. ಬಹಳ ಜನ. ತೊಯ್ದು ಮುದ್ದೆಯಾಗಿ, ಸಾಲು ಹಚ್ಚಿ ನಿಂತಿದ್ದರು, ಕೆಳಗೆ ನೀರು ಬಂದದ್ದು ಕಂಡ ಮೇಲೂ ಕೆಲವರು ಸಾಲು ಬಿಟ್ಟಿರಲಿಲ್ಲ. ಕೈಯಲ್ಲಿ ಹೋದ ಸಲದ ಹಳೆಯ ನೀಲಿ ಟೋಕನ್. ದೊಡ್ಡವ್ವ ಗೇಟಿನ ಕಟ್ಟೆಯ ಮೇಲೆ ಕೂತಿದ್ದಳು, ಮೊಣಕಾಲಿನಿಂದ ಕೆಳಗೆ ಬರೀ ಕೆಸರು, ಸೆರಗು ಹರಿದಿತ್ತು. ಬಂಡೆಯ ಸಂದಿಯ ಬಾಯಲ್ಲಿ ಅವಳನ್ನು ನೀರು ಹಿಡಿದಾಗ ಆ ಕೂಸಿನ ತಾಯಿ, ಹತ್ತೋದು ಕಲಿಸಬ್ಯಾಡ್ರಿ ಅಂದಿದ್ದ ಆ ಹೆಂಗಸು, ಸೆರಗು ಹಿಡಿದು ಎಳೆದುಕೊಂಡಿದ್ದಳು. ನನ್ನನ್ನು ಕಂಡು ದೊಡ್ಡವ್ವ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. ನಾನು ತಲೆಗಳನ್ನು ನೋಡುತ್ತ ಹೋದೆ. ಮೇಸ್ತ್ರಿ ಇದ್ದ, ಎರಡೂ ಅಂಗೈ ಸುಲಿದು ಹೋಗಿದ್ದವು. ಅಜ್ಜ ಕಾಣಲಿಲ್ಲ.

"ಅಜ್ಜ ಎಲ್ಲಿ?" ಅಂದೆ.

ದೊಡ್ಡವ್ವ ಕೆಳಗಿನ ನೀರಿನ ಕಡೆ ಕೈ ಮಾಡಿದಳು. "ಮೊದಲ ನಿಂತಿದ್ದ," ಅಂದಳು. "ಮ್ಯಾಲ ಕೊಡ್ತಾರ ಬಾ ಅಂತ ಕೈ ಹಿಡಿದು ಜಗ್ಗಿದೆ. ಬರಲಿಲ್ಲ. ಮೊದಲ ಬಂದು ನಿಂದರು ಅಂತ ನಿನ್ನ ಮಗಳು ಹೇಳ್ಯಾಳ, ಆಕಿ ಓದಿದಾಕಿ, ಸುಳ್ಳು ಹೇಳಂಗಿಲ್ಲ ಅಂದ."

ಅವನು ಮರುದಿನ ನಾಲಾದ ತಿರುವಿನಲ್ಲಿ ಸಿಕ್ಕ.

ಆ ಸಂಜೆ ಜನ ನನ್ನ ಸುತ್ತ ನಿಂತು ತಾಡಪತ್ರಿ ಎಲ್ಲಿ ಅಂತ ಕೇಳಿದರು. ತಾಡಪತ್ರಿ ಇದ್ದದ್ದು ನಮ್ಮ ಗೋದಾಮಿನಲ್ಲಿ, ಅದನ್ನು ತೆಗೆಯಲಿಕ್ಕೆ ಕಂಪನಿಯ ಒಪ್ಪಿಗೆಯ ಮೇಲ್ ಬರಬೇಕಿತ್ತು. ಮೇಡಂ ಬೇಗನೇ ಕಳಿಸಿದರು, ಆದರೂ ಸಾಮಾನು ಬಂದದ್ದು ಮಾರನೇ ದಿನ. ಅಷ್ಟರವರೆಗೆ ನಾನು ಸುಳ್ಳಿಯೇ ಆಗಿದ್ದೆ. ಆ ಸುಳ್ಳಿನಿಂದಲೇ ಅವರು ಉಳಿದದ್ದು ಅಂತ ಕೆಲವರಿಗೆ ಆಮೇಲೆ ಹೊಳೆಯಿತು, ಕೆಲವರಿಗೆ ಹೊಳೆಯಲಿಲ್ಲ. ನಾನು ಯಾರಿಗೂ ವಿವರಿಸಲು ಹೋಗಲಿಲ್ಲ. ವಿವರಿಸಿದರೆ ಅಜ್ಜನಿಗೆ ಹೇಳಿದ ಮಾತನ್ನೂ ವಿವರಿಸಬೇಕಾಗುತ್ತಿತ್ತು.

ಒಂದು ವಾರಕ್ಕೆ ದಾನಿಗಳ ಕರೆ ಮೇಲೆ ಕರೆ. ಸರ್ ಹೇಳಿದ್ದು ನಿಜವೇ, ಈಗ ಎಲ್ಲರೂ ಫೋನ್ ಎತ್ತುತ್ತಿದ್ದರು, ಅವರಾಗಿಯೇ ಹಚ್ಚುತ್ತಿದ್ದರು. ಸೈರನ್ನಿನಿಂದ ಬಸ್ತಿ ಉಳಿಯಿತು ಅನ್ನುವ ಮಾತು ನಮ್ಮ ಆಫೀಸಿನಲ್ಲಿ ಹುಟ್ಟಿತೋ ಹೊರಗೆ ಹುಟ್ಟಿತೋ ಗೊತ್ತಿಲ್ಲ, ನನ್ನ ಹತ್ತಿರ ಬರುವಷ್ಟರಲ್ಲಿ ಅದು ವರದಿಯ ತಲೆಬರಹ ಆಗಿತ್ತು. ಕೆಳಗಿನದನ್ನು ನಾನು ತುಂಬಬೇಕಿತ್ತು. ನಾನು ಬರೆದೆ: ಸೈರನ್ ಜನರನ್ನು ನೀರಿನ ಕಡೆಗೆ ಕರೆಯಿತು, ಯಾಕೆಂದರೆ ನಾವು ಅವರಿಗೆ ಹಾಗೆ ಅಭ್ಯಾಸ ಮಾಡಿಸಿದ್ದೆವು. ಸರ್ ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇದನ್ನು ಕಳಿಸಿದರೆ ಮುಂದೆ ಯಾರೂ ಮೊದಲಿನ ತಯಾರಿಗೆ ಕೊಡುವುದಿಲ್ಲ, ಮತ್ತೆ ಹೆಣ ಬಿದ್ದ ಮೇಲೆಯೇ ನಮ್ಮನ್ನು ಕರೆಯುತ್ತಾರೆ ಅಂದರು. ಹೆದರಿಸಲಿಕ್ಕೆ ಹೇಳಿದ್ದಲ್ಲ, ಅವರೇ ಹೆದರಿದ್ದರು. ಆ ಸಾಲು ತೆಗೆಯುವುದಾದರೆ ಕೆಳಗೆ ನನ್ನ ಹೆಸರು ಹಾಕಬೇಡಿ ಅಂದೆ. ನನ್ನ ಹೆಸರು ಇಲ್ಲದ ವರದಿ ಹೋಯಿತು.

ಗಚ್ಚಿಬೌಲಿಯ ಮೇಡಮ್ಮಿಗೆ ನಾನೇ ಹೋಗಿ ಹೇಳಿದೆ. ಅದೇ ತಣ್ಣನೆಯ ಕೋಣೆ. ಪೂರಾ ಕೇಳಿದರು, ನಡುವೆ ಒಂದು ಸಲ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು. ಸತ್ತದ್ದು ಆ ಫೋಟೊದಲ್ಲಿ ಎಲ್ಲರ ಮುಂದೆ ನಿಂತವರಾ ಅಂತ ಕೇಳಿದರು. ಹೌದು ಅಂದೆ. ಏನು ಬೇಕು ಅಂದರು. ತಾಲೀಮು ನಡೆಯುವ ದಿನ ನೀವು ಯಾರೂ ಬರಬಾರದು, ಅವತ್ತು ಏನೂ ಕೊಡಬಾರದು, ಸೈರನ್ನನ್ನು ಶಾಲೆಯ ಮಾಳಿಗೆಗೆ ಹಾಕಬೇಕು, ಗೋದಾಮಿನ ಕೀಲಿ ಬಸ್ತಿಯಲ್ಲೇ ಇರಬೇಕು ಅಂದೆ. ಬರದೆ ಇದ್ದರೆ ಆದದ್ದು ನಮಗೆ ಹೇಗೆ ಗೊತ್ತಾಗಬೇಕು ಅಂತ ಕೇಳಿದರು. ಆದರೂ ಕೀಲಿ ಬಿಟ್ಟು ಉಳಿದದ್ದಕ್ಕೆ ಒಪ್ಪಿದರು.

ಒಡೆದ ಜಾಗಕ್ಕೆ ಮರಳಿನ ಚೀಲ ಪೇರಿಸಿ ಮಣ್ಣು ಹಾಕಿದ್ದಾರೆ. ತೇಪೆ ಹಾಕಿದ ಸೀರೆಯ ಹಾಗೆ ದೂರದಿಂದಲೇ ಕಾಣುತ್ತದೆ. ಟಿಪ್ಪರುಗಳು ನಿಂತಿಲ್ಲ. ಬಸ್ತಿ ಮತ್ತೆ ಅದೇ ಜಾಗದಲ್ಲಿ ಎದ್ದಿದೆ, ಬೇರೆ ಜಾಗ ಎಲ್ಲಿದೆ? ನನ್ನ ಜೊತೆ ಬಂದಿರು ಅಂದರೆ ದೊಡ್ಡವ್ವ, ಇಲ್ಲಿ ಲೋಟ ಯಾರು ನೋಡ್ತಾರ ಅನ್ನುತ್ತಾಳೆ.

ಈ ಸಲದ ಮಳೆಗಾಲಕ್ಕೆ ಮೊದಲು ತಾಲೀಮು ಮಾಡಿದೆವು. ಬ್ಯಾನರಿಲ್ಲ, ಕಾರಿಲ್ಲ. ವಾರದ ಮುಂಚೆಯೇ ಮನೆಮನೆಗೆ ಹೋಗಿ, ಏನೂ ಕೊಡುವುದಿಲ್ಲ, ಸುಮ್ಮನೆ ಹತ್ತಿ ಬನ್ನಿ ಅಂತ ಹೇಳಿದ್ದೆ. ಇನ್ನು ಇವರಿಗೆ ಸುಳ್ಳು ಹೇಳುವುದಿಲ್ಲ ಅಂತ ಅಜ್ಜನ ಖಾಲಿ ಜಾಗದ ಮುಂದೆ ನಿಂತು ನಿಶ್ಚಯ ಮಾಡಿಕೊಂಡಿದ್ದೆ. ದೊಡ್ಡವ್ವ ಬೆಳಿಗ್ಗೆಯೇ ಹೋಗಿ ಶಾಲೆಯ ಕಟ್ಟೆಯ ಮೇಲೆ ಕೂತಿದ್ದಳು. ನಾನು ಓಣಿ ಎರಡಾಗುವ ಕಡೆ ನಿಂತೆ, ಒಂದು ದಾರಿ ಮೈದಾನಕ್ಕೆ, ಒಂದು ಬಂಡೆಯ ಸಂದಿಗೆ. ಮಾಳಿಗೆಯ ಮೇಲಿಂದ ಮೇಸ್ತ್ರಿ ಭೋಂಗಾ ತಿರುವಿದ.

ತಗಡಿನ ಬಾಗಿಲುಗಳು ತೆರೆದುಕೊಂಡವು. ಕೆಲವರು ಹತ್ತಿದರು. ಕೆಲವರು ಬಾಗಿಲಲ್ಲೇ ನಿಂತು ನೋಡಿ ಒಳಗೆ ಹೋದರು. ಇನ್ನು ಕೆಲವರ ಕಾಲು ತಾವಾಗಿಯೇ ಕೆಳಗೆ ತಿರುಗಿದವು. ಹೋದ ವರ್ಷ ಅಲ್ಲಿ ನೀರು ನಿಂತದ್ದನ್ನು ಕಣ್ಣಾರೆ ಕಂಡವರೇ ಅವರು. ಆ ಕೂಸಿನ ತಾಯಿ ಹೊರಗೆ ಬಂದಳು. ಕೂಸು ಈಗ ದೊಡ್ಡದಾಗಿ ಕೈ ಹಿಡಿದು ನಡೆಯುತ್ತಿತ್ತು. ಇನ್ನೊಂದು ಕೈಯಲ್ಲಿ ಮಡಿಚಿದ ಖಾಲಿ ಚೀಲ. ಕೆಳಗೆ ನೋಡಿದಳು, ಮೇಲೆ ನೋಡಿದಳು, ನನ್ನ ಹತ್ತಿರ ಬಂದಳು.

"ಎಲ್ಲಿ ಕೊಡಾಕತ್ತಾರ್ರಿ ಅಕ್ಕೋರ?" ಅಂತ ಕೇಳಿದಳು.

ಭೋಂಗಾ ಕೂಗುತ್ತಲೇ ಇತ್ತು. ಮೈದಾನದ ಕಡೆ ನಾಲ್ಕು ಜನ ಆಗಲೇ ಇಳಿಯುತ್ತಿದ್ದರು, ಅವಳ ಹಿಂದೆ ಇನ್ನೂ ಕೆಲವರು ನನ್ನ ಬಾಯಿ ನೋಡುತ್ತ ನಿಂತಿದ್ದರು.

"ಮ್ಯಾಲ," ಅಂದೆ. "ಸಾಲ್ಯಾಗ."